ಸೆಕಾರ್‌ಗೆ ಕೇಳದ ಮೂರನೇ ಪಟ್ಟಿ

ಪರ್ಯಂತಿಯ ಕೆಲಸ ಏನೆಂಬುದು ಅವಳ ಅತ್ತೆಗೆ ಇನ್ನೂ ಅರ್ಥವಾಗಿರಲಿಲ್ಲ. "ಮಕ್ಕಳ ಜೊತೆ ಗೊಂಬೆ ಆಡ್ತಾಳೆ, ಅದಕ್ಕೆ ಸರ್ಕಾರ ಸಂಬಳ ಕೊಡುತ್ತೆ" ಎಂದು ಅತ್ತೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಪೂರ್ತಿ ಸುಳ್ಳೂ ಅಲ್ಲ. ಸೊಲೊ ಪಟ್ಟಣದಾಚೆಯ ಆರೋಗ್ಯ ಕೇಂದ್ರದಲ್ಲಿ, ಲಸಿಕೆ ಹಾಕುವ ಕೋಣೆಯ ಪಕ್ಕದ ಚಿಕ್ಕ ಜಾಗ ಅವಳದು. ಒಂದು ಚಾಪೆ, ಒಂದು ಬುಟ್ಟಿ ಆಟಿಕೆ, ಚಿತ್ರದ ಚೀಟಿಗಳು. ಮಾತು ಬಾರದ ಮಕ್ಕಳು, ತೊದಲುವವರು, ಮಾತು ಬಂದು ನಿಂತುಹೋದವರು, ಸುತ್ತಲಿನ ಇಪ್ಪತ್ತು ಹಳ್ಳಿಗಳಿಂದ ಅವಳ ಹತ್ತಿರವೇ ಬರಬೇಕು. ಬೇರೆ ಯಾರೂ ಇಲ್ಲ. ಮಗುವಿಗೆ ಏನು ತಿಳಿಯುತ್ತದೆ, ಏನು ಹೇಳಲಾಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಕೂತು ನೋಡಿ ಬರೆಯುವುದು ಅವಳ ಕೆಲಸ. ಎರಡು ವರ್ಷದ ಮಗನನ್ನು ಬೆಳಿಗ್ಗೆ ಅತ್ತೆಯ ಸೊಂಟಕ್ಕೆ ದಾಟಿಸಿ ಸ್ಕೂಟರ್ ಹತ್ತಿದರೆ, ಮತ್ತೆ ಅವನ ಮುಖ ನೋಡುವುದು ಮಧ್ಯಾಹ್ನ ಮೂರರ ಮೇಲೆ.

ಆ ಸೋಮವಾರ ಕಾಲಿಪೆಲೆಮ್ ಹಳ್ಳಿಯ ಎರ್ನಾ ಮಗಳನ್ನು ಕರೆದುಕೊಂಡು ಬಂದಳು. ಮಗಳು ಸೆಕಾರ್, ಐದೂವರೆ ವರ್ಷ. ಎರ್ನಾಳ ಕೈಯಲ್ಲಿ ಶಿಶುವಿಹಾರದ ಟೀಚರು ಕೊಟ್ಟ ಕಾಗದವಿತ್ತು. ಮಗುವಿಗೆ ಬುದ್ಧಿ ಸಾಲದು, ಹೇಳಿದ್ದು ಕೇಳುವುದಿಲ್ಲ, ಊರ ಶಾಲೆ ಬೇಡ, ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ಹಾಕಿ ಎಂದಿತ್ತು. ಶನಿವಾರ ಹೆಸರು ಬರೆಸುವ ಕೊನೆಯ ದಿನ. ಕೆಳಗೆ ಪರ್ಯಂತಿ ಸಹಿ ಹಾಕಬೇಕಿತ್ತು.

"ಅದೂ ಮಾಡಿದೆ, ಬು," ಎಂದಳು ಎರ್ನಾ. ಅಲ್ಲಿ ಮೇಡಂ ಅನ್ನುವುದು ಹಾಗೆ. ಮದುವೆಯ ಚಿನ್ನದ ಉಂಗುರದಲ್ಲಿ ಏಳು ಶುಕ್ರವಾರ ಮಗಳ ನಾಲಿಗೆ ಉಜ್ಜಿದ್ದಳಂತೆ. ಮಾತು ತಡವಾದ ಮಕ್ಕಳಿಗೆ ಊರಲ್ಲಿ ಎಲ್ಲರೂ ಮಾಡುವುದೇ ಅದು. ಪರ್ಯಂತಿ ಬೈಯಲಿಲ್ಲ. ತನ್ನ ಮಗ ಇನ್ನೂ ಎರಡು ಪದ ಜೋಡಿಸದಿದ್ದಾಗ ತಾನೂ ಉಂಗುರದ ಕಡೆ ಒಮ್ಮೆ ನೋಡಿದ್ದು ಅವಳಿಗೆ ನೆನಪಿತ್ತು.

ಅವಳು ಸೆಕಾರ್‌ಳ ಹಳೆಯ ಕಾರ್ಡು ತೆಗೆದಳು. ಹೋದ ವರ್ಷ ಅವಳೇ ಬರೆದದ್ದು: ಕಿವಿ ಸರಿ. ವರ್ಷವಿಡೀ ಮನೆಯಲ್ಲಿ ಚಿತ್ರ ತೋರಿಸಿ ಹೆಸರು ಹೇಳಿಸಲು ಎರ್ನಾಳಿಗೆ ಕಲಿಸಿಕೊಟ್ಟಿದ್ದಳು. ಎರ್ನಾ ತಪ್ಪದೆ ಮಾಡಿದ್ದಳು. ಮಗುವಿನ ಮಾತು ಮಾತ್ರ ಇದ್ದಲ್ಲೇ ಇತ್ತು.

ಪರ್ಯಂತಿ ಚಿತ್ರದ ಚೀಟಿಗಳನ್ನು ಮತ್ತೆ ಹರಡಿದಳು. ಚಂದ್ರನ ಚಿತ್ರಕ್ಕೆ ಸೆಕಾರ್ "ಬುಲಾನ್" ಎಂದು ಸ್ಪಷ್ಟವಾಗಿ ಹೇಳಿದಳು. ಇಲಿಯ ಚಿತ್ರಕ್ಕೆ "ತಿಕುಸ್" ಅನ್ನಬೇಕಾದಲ್ಲಿ "ಇಉ" ಅಂದಳು. ಹಾಲಿನ "ಸುಸು" ಬರೀ "ಉಉ" ಆಯಿತು. ದಪ್ಪ ದನಿಗಳೆಲ್ಲ ಇದ್ದವು. ಸಣ್ಣಗೆ ಸುಯ್ಯೆನ್ನುವ, ಟಕ್ಕೆನ್ನುವ ದನಿಗಳು ಒಂದೂ ಇರಲಿಲ್ಲ. ಪರ್ಯಂತಿ ಕಸೂತಿ ಹಾಕುವ ಮರದ ಬಳೆಗೆ ಬಿಗಿದ ತೆಳುಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ಇಲಿ ಎಲ್ಲಿ ಎಂದು ಕೇಳಿದಳು. ಬಾಯಿ ಕಾಣುತ್ತಿದ್ದಾಗ ಚಕಚಕನೆ ಚೀಟಿ ಎತ್ತಿಕೊಟ್ಟಿದ್ದ ಮಗು ಈಗ ಅವಳ ಕಣ್ಣನ್ನೇ ನೋಡುತ್ತಾ ಕೂತಿತು.

ಇಷ್ಟು ದಿನ ಮಗು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿತ್ತು ಎಂದು ಪರ್ಯಂತಿಗೆ ಹೊಳೆಯಿತು. ಕಿವಿ ಸರಿ ಎಂದು ಬರೆದ ಹೋದ ವರ್ಷದ ಆ ಬೆಳಗು ಕಣ್ಣಿಗೆ ಕಟ್ಟಿತು.

ಕಾಲಿಪೆಲೆಮ್ ಕಂಚು ಬಡಿಯುವ ಊರು. ಜಾಗಟೆಯಂಥ ಗಾಂಗ್, ಕಂಚಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಕೊಡತಿಯಿಂದ ಬಾರಿಸುವ ವಾದ್ಯಗಳು, ಎಲ್ಲಾ ಅಲ್ಲೇ ಹುಟ್ಟುತ್ತವೆ. ಸೆಕಾರ್‌ಳ ಅಜ್ಜ ಕರ್ಸೊ ಅಲ್ಲಿನ ಶ್ರುತಿಗಾರ. ಬಡಿದು ಬಂದ ಕಂಚನ್ನು ಅರದಿಂದ ಉಜ್ಜಿ ಉಜ್ಜಿ ದನಿ ಕೂಡಿಸುವವನು. ಕಿವಿಯ ವಿಷಯಕ್ಕೆ ಅವನ ಮಾತೇ ಕೊನೆ. ಮಾತು ತಡವಾದ ಮಗುವಿನ ಕಿವಿಯನ್ನು ಮೊದಲು ನೋಡಬೇಕು ಎಂದು ಪರ್ಯಂತಿ ಮನೆಗೇ ಹೋಗಿದ್ದಾಗ, ಅಜ್ಜ ನಕ್ಕು, ಗೋಡೆಯ ಚಿಕ್ಕ ಗಾಂಗನ್ನು ಇಳಿಸಿ ಮಗುವಿನ ಬೆನ್ನ ಹಿಂದೆ ಬಾರಿಸಿದ್ದ. ಮಗು ತಿರುಗಿ ನೋಡಿತ್ತು. ಶ್ರುತಿಗಾರನ ಎದುರು ಇನ್ನೊಂದು ಪರೀಕ್ಷೆ ಮಾಡುವುದು ಅವಳಿಗೆ ಅಧಿಕಪ್ರಸಂಗ ಅನ್ನಿಸಿತ್ತು. ಸೀಟಿ, ಗಿಲಕಿ ಚೀಲದಲ್ಲೇ ಉಳಿದಿದ್ದವು.

ಟೀಚರ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಎರ್ನಾಳಿಗೆ ಹೇಳಿ, ದೊಡ್ಡ ಆಸ್ಪತ್ರೆಯ ಕಿವಿ ಡಾಕ್ಟರಿಗೆ ಇನ್ನೊಂದು ಕಾಗದ ಬರೆದಳು. ಅದು ಇದ್ದರೆ ಊರ ಶಾಲೆಯ ಹೆಡ್ಮಾಸ್ಟರು ಮಗುವನ್ನು ಸೇರಿಸಿಕೊಳ್ಳಲು ಒಪ್ಪಿದರು. ಪರ್ಯಂತಿ ಅವರನ್ನು ಅಂದೇ ಹೋಗಿ ಕಂಡಿದ್ದಳು. ಆದರೆ ಆ ಕಾಗದಕ್ಕೆ ಮನೆ ಯಜಮಾನನ ಸಹಿ ಬೇಕು. ಸೆಕಾರ್‌ಳ ಅಪ್ಪ ಜಕಾರ್ತಾದಲ್ಲಿ ಬಸ್ ಓಡಿಸುತ್ತಿದ್ದ, ಯಜಮಾನ ಅಜ್ಜ. ಮಾರನೇ ದಿನ ಎರ್ನಾ ಸಹಿಯಿಲ್ಲದ ಕಾಗದ ಹಿಡಿದು ಬಂದಳು. ಶ್ರುತಿಗಾರನ ಮನೇಲಿ ಕಿವುಡು ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು ಎಂದು ಅಜ್ಜ ಅಂದನಂತೆ.

ಬುಧವಾರ ಬೆಳಿಗ್ಗೆ ಪರ್ಯಂತಿ ಸ್ಕೂಟರನ್ನು ಅಜ್ಜನ ಮನೆಯ ಕಂಚುಗೆಲಸದ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದಳು. ಕರ್ಸೊ ಅಜ್ಜ ಗೋಡೆಗೆ ಮುಖ ಮಾಡಿ ಪಟ್ಟಿ ಉಜ್ಜುತ್ತಿದ್ದ. ಉಜ್ಜುವಾಗ ಮಾತಾಡಿಸಬಾರದು. ಅವಳು ಚಾಪೆಯ ಮೇಲೆ ಕೂತಳು. ಎರ್ನಾ ಸಕ್ಕರೆ ಸುರಿದ ಚಹಾ, ಬೇಯಿಸಿದ ಶೇಂಗಾ ತಂದಿಟ್ಟಳು. ಚಹಾ ಆರಿತು, ಇನ್ನೊಂದು ಲೋಟ ಬಂತು, ಅದೂ ಆರಿತು. ಅಜ್ಜ ಬೇಕೆಂದೇ ಮತ್ತೊಂದು ಪಟ್ಟಿ ಎತ್ತಿಕೊಂಡ. ಅವಳು ಏಳಲಿಲ್ಲ. ಹನ್ನೊಂದರ ಹೊತ್ತಿಗೆ ಅವನಿಗೇ ಬೇಸರವಾಗಿ ಅರ ಕೆಳಗಿಟ್ಟ.

"ಸೊಲೊ ಅರಮನೆಯವರೇ ನನ್ನ ಕಿವಿ ಕೇಳ್ಕೊಂಡು ಬರ್ತಾರೆ. ನೀವು ನಂಗೆ ಕಿವಿ ಪಾಠ ಹೇಳೋಕೆ ಬಂದ್ರಾ, ಬು?"

"ಇಲ್ಲ ಅಜ್ಜ. ತಪ್ಪು ಒಪ್ಕೊಳ್ಳೋಕೆ ಬಂದೆ. ಹೋದ ವರ್ಷ ನೋಡದೇನೇ ಬರೆದೆ. ಒಂದು ಗಾಂಗ್ ಸದ್ದಿಗೆ ಕಿವಿ ಸರಿ ಅಂದ್ಬಿಟ್ಟೆ. ಮಗುವಿಂದು ಒಂದು ವರ್ಷ ಹಾಳಾಯ್ತು."

ಅಜ್ಜ ಉಜ್ಜಿದ ಪಟ್ಟಿಯನ್ನು ಅದರ ಜಾಗಕ್ಕೆ ಇಟ್ಟ.

"ಒಂದೇ ಪಟ್ಟಿ ಬಾರಿಸಿ ಇಡೀ ವಾದ್ಯ ಶ್ರುತಿಯಲ್ಲಿದೆ ಅಂತ ನೀವು ಯಾವತ್ತಾದ್ರೂ ಹೇಳಿದೀರಾ?" ಎಂದು ಅವಳು ಕೇಳಿದಳು. "ಅವಳ ಕಿವಿ ನೀವೇ ನೋಡಿ. ನಾನು ಸುಮ್ನೆ ಕೂತಿರ್ತೀನಿ."

ಅವಳು ಸೆಕಾರ್‌ಳನ್ನು ಕರೆಸಿ, ಅಜ್ಜ ಕಾಣದಂತೆ ಅಂಗಳದತ್ತ ಮುಖ ಮಾಡಿ ಕೂರಿಸಿದಳು. ಮುಂದೆ ಶೇಂಗಾ, ಒಂದು ತೆಂಗಿನ ಚಿಪ್ಪು. ಸದ್ದು ಕೇಳಿದಾಗ ಒಂದು ಶೇಂಗಾವನ್ನು ಚಿಪ್ಪಿಗೆ ಹಾಕಬೇಕು. ಎರಡು ಸಲ ಮಾಡಿ ತೋರಿಸಿದ್ದಕ್ಕೆ ಮಗು ಆಟ ಹಿಡಿದುಬಿಟ್ಟಿತು. ನೆಲ ಅದುರಿ ಸುಳಿವು ಸಿಗದಂತೆ ವಾದ್ಯಗಳ ಕೆಳಗೆ ದಿಂಬು ಇಟ್ಟಳು. ಮೆಲ್ಲಗೆ ಬಾರಿಸಿ ಅಂದಳು. ಶ್ರುತಿಗಾರನಿಗೆ ಅದೊಂದನ್ನು ಹೇಳಬೇಕಾಗಿರಲಿಲ್ಲ.

ದಪ್ಪ ದನಿಯ ವಾದ್ಯ. ಟಪ್ ಎಂದು ಶೇಂಗಾ ಬಿತ್ತು. ಪಟ್ಟಿ ಪಟ್ಟಿಗೂ ಬಿತ್ತು. ಅಜ್ಜ ಎರ್ನಾಳ ಕಡೆ ನೋಡಿ ಹುಬ್ಬು ಹಾರಿಸಿದ. ನಡು ದನಿಯ ವಾದ್ಯ. ಬಿತ್ತು. ಆಮೇಲೆ ಎಲ್ಲಕ್ಕಿಂತ ಚಿಕ್ಕದು, ಕೊಂಬಿನ ಕೊಡತಿಯಿಂದ ಬಾರಿಸುವಂಥದ್ದು. ಮೊದಲ ಪಟ್ಟಿಗೆ ಬಿತ್ತು. ಎರಡನೆಯದಕ್ಕೆ ಮಗು ತಡೆದು ಹಾಕಿತು. ಮೂರನೆಯದಕ್ಕೆ ಸೆಕಾರ್ ಶೇಂಗಾ ಹಿಡಿದು ಅಂಗಳದ ಕೋಳಿಯನ್ನು ನೋಡುತ್ತಲೇ ಇದ್ದಳು.

ಅಜ್ಜ ಕಾದ. ಮತ್ತೆ ಬಾರಿಸಿದ. ಎರಡನೆಯದಕ್ಕೆ ಹಿಂದೆ ಬಂದ, ಶೇಂಗಾ ಬಿತ್ತು. ಮೂರನೆಯದು, ಇಲ್ಲ. ನಾಲ್ಕು, ಐದು, ಆರು, ಇಲ್ಲ. ಆ ಸಣ್ಣ ದನಿ ಎರ್ನಾಳ ಕಿವಿಗೆ ಚುಚ್ಚಿದಂತೆ ಕೇಳುತ್ತಿತ್ತು. ಅವಳು ಸೆರಗಿನಂತೆ ಹೊದ್ದ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಅಜ್ಜ ಹೆಬ್ಬೆರಳಿಂದ ಪಟ್ಟಿಯ ದನಿ ಅಡಗಿಸಿದ. ಉಜ್ಜಬೇಕಾದ ಪಟ್ಟಿಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಮೂರನೆಯದರ ಮೇಲೆ ಗೆರೆ ಎಳೆದ.

"ಇಲ್ಲಿಗೆ ನಿಲ್ಲುತ್ತೆ," ಎಂದ. ಸೀಮೆಸುಣ್ಣ ಕೆಳಗಿಟ್ಟು, "ಉಜ್ಜಿದ್ರೆ ಸರಿ ಹೋಗೋದಲ್ಲ ಇದು, ಅಲ್ವಾ?"

"ಅಲ್ಲ ಅಜ್ಜ. ಕಿವಿಗೆ ಯಂತ್ರ ಹಾಕ್ಬೇಕಾಗ್ಬಹುದು, ಅದನ್ನ ಡಾಕ್ಟ್ರು ಹೇಳ್ತಾರೆ. ಆಮೇಲೆ ಒಂದೊಂದೇ ದನಿ ಕಲಿಸ್ಬೇಕು. ವರ್ಷಗಳು ಹಿಡಿಯುತ್ತೆ. ಬುದ್ಧಿಗೆ ಏನೂ ಆಗಿಲ್ಲ. ಆಟ ಎಷ್ಟು ಬೇಗ ಕಲಿತಳು, ನೋಡಿದ್ರಲ್ಲ."

ಅವನು ಕಾಗದ ಕೇಳಿದ. ಕಂಚಿನ ಪುಡಿ ಹತ್ತಿದ ಬೆರಳಿನಿಂದ ನಿಧಾನವಾಗಿ ಸಹಿ ಹಾಕಿದ. ಪರ್ಯಂತಿ ಅಲ್ಲೇ ಹಳೆಯ ಕಾರ್ಡು ಬಿಡಿಸಿ, ಕಿವಿ ಸರಿ ಎಂಬುದನ್ನು ಅಳಿಸದೆ ಒಂದು ಗೆರೆ ಹೊಡೆದು, ಕೆಳಗೆ ಬರೆದಳು: ನನ್ನ ತಪ್ಪು, ಒಂದೇ ಸದ್ದಿನಲ್ಲಿ ನೋಡಿದ್ದೆ. ತಾರೀಖು, ಹೆಸರು. ಯಾವ ದನಿ, ಎಷ್ಟು ದೂರ, ಎಷ್ಟು ಮೆಲ್ಲಗೆ ಎಂಬುದನ್ನೂ ಸೇರಿಸಿದಳು. ಮುಂದೆ ಯಾವ ಮಗುವಿನ ಕಾರ್ಡಿನಲ್ಲೂ ಅದನ್ನು ಬರೆಯದೆ ಬಿಡಲಿಲ್ಲ.

ಅಲ್ಲೀತನಕ ನಾನೇನು ಮಾಡ್ಲಿ ಎಂದು ಎರ್ನಾ ಕೇಳಿದಳು. ಹಿಂದಿನಿಂದ ಕೂಗಬೇಡ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಮಾತಾಡು, ನಿನ್ನ ಮುಖದ ಮೇಲೆ ಬೆಳಕಿರಲಿ ಎಂದು ಪರ್ಯಂತಿ ಹೇಳಿದಳು.

ಅವಳು ಸ್ಕೂಟರ್ ತಿರುಗಿಸುವಾಗ ಒಳಗೆ ಏನೋ ಎಳೆದಾಡುವ ಸದ್ದಾಯಿತು. ನಲವತ್ತು ವರ್ಷ ಗೋಡೆಗೆ ಮುಖ ಮಾಡಿ ಕೂತಿದ್ದ ಅಜ್ಜ ತನ್ನ ಮಣೆಯನ್ನೂ ಅರದ ಪೆಟ್ಟಿಗೆಯನ್ನೂ ಮೊಮ್ಮಗಳು ಆಡುವ ಅಂಗಳದ ಬೆಳಕಿನ ಕಡೆ ತಿರುಗಿಸಿಕೊಳ್ಳುತ್ತಿದ್ದ.