ಹೊರೆ ಹೊರುವ ಗಾಡಿಗೆ ಶೋಕಿ ಕಲಿಸಿದವರು

ಲಾಂಡ್ರಿ ಅಕ್ಕ ಅಂದರೆ ಬೀದಿಗೆಲ್ಲ ಗೊತ್ತು. ಆಸ್ಪತ್ರೆಯ ಕೊಳೆ ಹಾಸಿಗೆಬಟ್ಟೆ ತಂದು, ಒಗೆದು, ಒಣಗಿಸಿ, ಬೆಳಗಾಗುವಷ್ಟರಲ್ಲಿ ವಾರ್ಡಿಗೆ ಮುಟ್ಟಿಸುವವಳು. ರಕ್ತ, ಕೀವು, ವಾಂತಿ ಯಾವುದಕ್ಕೂ ಮೂಗು ಮುಚ್ಚಿದವಳಲ್ಲ. ಅಂಥವಳಿಗೂ ಹೇಸಿಗೆ ಹುಟ್ಟಿಸಿದ್ದು ಅವಳ ಮನೆಯಂಗಳದಲ್ಲೇ ನಡೆದ ಕೆಲಸ.

ಮಾವ ಬಿಟ್ಟುಹೋದ ಹಳೇ ಪಿಕಪ್ಪೇ ಅವಳ ಕೈಕಾಲು. ಎಷ್ಟು ಹೇರಿದರೂ ಕುಗ್ಗದ ಗಾಡಿ. ಅದರ ಮೇಲೆ ಗಂಡನ ಕಣ್ಣು ಬಿತ್ತು, ದುಡಿಮೆಗಲ್ಲ, ಶೋಕಿಗೆ. ಹಳೇ ಗಾಡಿಗಳನ್ನು ನೆಲ ಮುಟ್ಟುವ ಹಾಗೆ ತಗ್ಗಿಸಿ ಫೋನಿನಲ್ಲಿ ಫೋಟೋ ಹಾಕುವ ಗುಂಪೊಂದಕ್ಕೆ ಸೇರಿದ್ದನಲ್ಲ, ಒಂದು ಭಾನುವಾರ ಗೆಳೆಯನನ್ನೂ ಕರೆತಂದ. ಕಂಡದ್ದೆಲ್ಲ ಕೊಯ್ಯುವ ಅವನಿಗೆ ಊರಿಟ್ಟ ಹೆಸರು ಕಟಿಂಗ್. ಇಬ್ಬರೂ ಜಾಕ್ ಕೊಟ್ಟು ಗಾಡಿ ಎತ್ತಿ, ಮುಂದಿನ ಸ್ಪ್ರಿಂಗನ್ನು ಒಂದು ಸುತ್ತು ಕೊಯ್ದರು. ಹಿಂದೆ ಒಂದರ ಮೇಲೊಂದು ಕೂತು ಭಾರ ತಡೆಯುವ ಉಕ್ಕಿನ ಪಟ್ಟಿಗಳಲ್ಲಿ ಎರಡೆರಡನ್ನು ಕಿತ್ತರು.

"ರೀ, ಏನಿದು?"

"ಚಕ್ರಕ್ಕೂ ಮಡ್‌ಗಾರ್ಡಿಗೂ ಎರಡೇ ಬೆರಳು ಸಂದು. ಆಮೇಲೆ ನೋಡು ಇದರ ಗತ್ತು!"

"ಖಾಲಿ ಗಾಡಿಗೆ ಎರಡು ಬೆರಳು. ಮೂಟೆ ಹೇರಿದ್ಮೇಲೆ?"

ಕಟಿಂಗ್ ನಕ್ಕ. "ಅಕ್ಕಾ, ನೀವು ಬಟ್ಟೆ ನೋಡ್ಕೊಳ್ಳಿ. ಗಾಡಿ ನಮಗೆ ಬಿಡಿ."

ಬಿಟ್ಟದ್ದೇ ತಪ್ಪಾಯಿತು. ಮರುದಿನ ಮೂಟೆ ಹೇರುತ್ತಲೇ ಗಾಡಿ ಕುಕ್ಕರಿಸಿತು. ಟೈರು ತಗಡಿಗೆ ಉಜ್ಜಿ ಸುಟ್ಟ ವಾಸನೆ ದಾರಿಯುದ್ದಕ್ಕೂ ಬಂತು. ಆಸ್ಪತ್ರೆ ಏರಿನ ಬುಡದಲ್ಲಿ ಟೈರು ಒಡೆದು, ಗಾಡಿಯ ಹೊಟ್ಟೆ ರಸ್ತೆಯುಬ್ಬಿಗೆ ಸಿಕ್ಕಿಕೊಂಡಿತು. ಗಂಡನಿಗೆ ಫೋನ್ ಮಾಡಿದಳು.

"ಅಯ್ಯೋ! ಪೇಂಟ್ ಕೆರೆದು ಹೋಯ್ತಾ?"

ಅವಳು ಫೋನ್ ಇಟ್ಟಳು. ಒಂದೊಂದೇ ಮೂಟೆ ತಲೆ ಮೇಲೆ ಹೊತ್ತು ಏರು ಹತ್ತಿದಳು.

ವಾರ್ಡಿನಲ್ಲಿ ಒಬ್ಬ ಅಜ್ಜಿ ಹಾಸಲು ಬಟ್ಟೆಯಿಲ್ಲದೆ ಬರೀ ರೆಕ್ಸಿನ್ ಮೇಲೆ ಮಲಗಿತ್ತು. ಬೆವರಿಗೆ ಬೆನ್ನು ಅಂಟಿಕೊಂಡು, ಹೊರಳಿಸಿದರೆ ಚರ್ಮ ಎದ್ದುಬರುವ ಹಾಗಿತ್ತು.

"ನಿನ್ನ ನಂಬಿ ಕೆಟ್ವಿ ಕಣಮ್ಮ," ಎಂದರು ಹೆಡ್ ನರ್ಸ್. "ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ."

ಅವಳು ತಾನೇ ನಿಂತು ಅಜ್ಜಿಯ ಅಡಿಗೆ ಬಟ್ಟೆ ಹಾಸಿದಳು.

"ಬಂದ್ಯಲ್ಲ ಮಗಳೇ, ಸಾಕು ಬಿಡು," ಎಂದಿತು ಅಜ್ಜಿ. ನರ್ಸಿನ ಬೈಗುಳಕ್ಕಿಂತ ಆ ಮಾತೇ ಚುಚ್ಚಿತು.

ಸಂಜೆ ಅಂಗಳದಲ್ಲಿ ಇಬ್ಬರೂ ಕೂತು ಫೋನ್ ನೋಡುತ್ತಿದ್ದರು.

"ಕಿತ್ತ ಪಟ್ಟಿಗಳನ್ನ ವಾಪಸ್ ಹಾಕಿ," ಎಂದಳು.

ಗಂಡ ಗೆಳೆಯನ ಮುಖ ನೋಡಿದ. ಗೆಳೆಯ ಚೀಲದಿಂದ ಥಳಥಳ ಹೊಳೆಯುವ ಮಚ್ಚೊಂದನ್ನು ತೆಗೆದ. "ಆ ಪಟ್ಟೀನೇ ಕುಲುಮೆಗೆ ಕೊಟ್ಟು ಮಾಡಿಸ್ದೆ ಅಕ್ಕಾ. ಏನ್ ಉಕ್ಕು ಅಂತೀರಾ! ಇದು ನಿಮಗೇ."

"ಎತ್ತಿನ ಕಾಲು ಮುರಿದು, ಅದೇ ಮೂಳೇಲಿ ಬಾಚಣಿಗೆ ಮಾಡ್ಕೊಂಡು ಬಂದ್ಯಾ? ಥೂ!"

"ಯಾಕಿಷ್ಟು ಕೋಪ?" ಗಂಡ ಫೋನ್ ಮುಂದೆ ಹಿಡಿದ. "ಗಾಡಿ ಫೋಟೋನ ಎಷ್ಟು ಜನ ಮೆಚ್ಚಿದ್ದಾರೆ ನೋಡು."

"ಮೆಚ್ಚಿದವರನ್ನೆಲ್ಲ ಕರೀರಿ. ನಾಳೆ ಮೂಟೆ ಹೊರೋಕೆ ಜನ ಬೇಕು."

ಒಂದು ನರಪಿಳ್ಳೆಯೂ ಬರಲಿಲ್ಲ. ಬೆಳಿಗ್ಗೆ ಬಾಡಿಗೆಯ ತಳ್ಳುಗಾಡಿಗೆ ಮೂಟೆ ಹೇರಿ, ಮುಂದೆ ಎಳೆಯಲು ಗಂಡನನ್ನೂ ಹಿಂದೆ ನೂಕಲು ಕಟಿಂಗನ್ನೂ ನಿಲ್ಲಿಸಿದಳು. ಏರಿನ ನಡುವೆ ಗಂಡ ಏದುಸಿರು ಬಿಡುತ್ತ ನಿಂತ.

"ಸ್ವಲ್ಪ ಸುಧಾರಿಸ್ಕೊಳ್ಳೋಣ ಕಣೇ. ನನ್ನ ಬೆನ್ನು..."

"ಅಜ್ಜಿಗೂ ಬೆನ್ನಿದೆ," ಎಂದಳು ಮುಂದೆ ನಡೆಯುತ್ತಲೇ, ತಿರುಗಿ ನೋಡದೆ. "ಎಳೀರಿ."