ಆಕಳಿಗೆ ಪುಂಡಿ ತಿನ್ನಿಸಿದ್ದು

ನನ್ನ ಕೆಲಸದ ಹೆಸರು ದೊಡ್ಡದು. ಮಾಡುವುದಿಷ್ಟೇ: ದನದ ಮುಂದೆ ಮೇವು ಹಾಕಿ, ಎಷ್ಟು ಉಳಿಯಿತು ಅಂತ ತೂಗುವುದು. ಆ ವರ್ಷ ತೂಗಬೇಕಾಗಿದ್ದು ಪುಂಡಿ. ಎಲೆ ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ ಅಂತ ನಮ್ಮ ಗದಗ ಸೀಮೆಯಲ್ಲಿ ಕೂಸಿಗೂ ಗೊತ್ತು. ಎಳೆಯದಿದ್ದಾಗ ಕೊಯ್ದು ಹಾಕಿದರೆ ಆ ಎಲೆಯ ಪ್ರೋಟೀನು ಆಕಳಿಗೆ ಹಿಂಡಿಯಷ್ಟೇ ಬಲ ಕೊಡುತ್ತದೆಯೇ ಎಂದು ನೋಡುವುದು ನಮ್ಮ ಪ್ರಯೋಗ.

ಅಸುಂಡಿಯಲ್ಲಿ ಒಬ್ಬ ಹೆಣ್ಣುಮಗಳು ಒಪ್ಪಿದರು. ಸಂಬಂಧವೇನಲ್ಲ, ನಾನು ಅಕ್ಕಾರು ಎನ್ನುತ್ತಿದ್ದೆ. ಅವರಿಗಿದ್ದದ್ದು ಒಂದೇ ಆಕಳು. ಮನೆ ನಡೆಯುತ್ತಿದ್ದದ್ದು ಅದರ ಹಾಲಿನ ಮೇಲೆ. ಪುಂಡಿಯ ಗುಣ ಬೇರೆಯಾಗಿ ಕಾಣಬೇಕಲ್ಲ, ಪುಂಡಿ ತಿನ್ನಿಸೋ ದಿನದಿಂದ ಹಿಂಡಿ ಬಂದ್ ಮಾಡ್ರಿ ಅಂದೆ. ಮಾಡಿದರು.

ಅವರ ಹೊಲದಲ್ಲಿ ಬಿತ್ತಿದ ಪುಂಡಿ ಮೊಣಕಾಲೆತ್ತರ ಬಂತು. ಕಳೆ ತೆಗೆದು ಮನೆಗೆ ಹೋಗುವ ಹೆಂಗಸರು ಉಡಿ ತುಂಬ ಎಲೆ ಹರಿದುಕೊಂಡು ಹೋಗತೊಡಗಿದರು. ನಮ್ಮ ಕಡೆ ಪುಂಡಿ ಎಲೆ ಹರಿದರೆ ಕಳವಲ್ಲ. ಯಾರ ಹೊಲವಾದರೂ ಕೇಳುವ ರಿವಾಜಿಲ್ಲ. ನಾನೂ ಆ ಪಲ್ಯ ತಿಂದೇ ಬೆಳೆದವನು. ಪ್ರಯೋಗದ ಕಾಗದ ಬರೆಯುವಾಗ ಮಾತ್ರ ಈ ಶಾಣ್ಯಾನಿಗೆ ಅದು ನೆನಪಾಗಲಿಲ್ಲ.

"ಸುತ್ತ ಮುಳ್ಳು ಹಚ್ಚೂಣ್ರಿ ಅಕ್ಕಾರ," ಅಂದೆ.

"ಪುಂಡಿಪಲ್ಲೆಕ್ಕ ಬ್ಯಾಡ ಅಂದ್ರ ಊರಾಗ ಹೆಂಗ ಮಾರಿ ತೋರಿಸ್ಲೋ ತಮ್ಮಾ?"

ಎಲೆ ಊರಿನ ಪಾಲಾಯಿತು, ದಂಟು ಆಕಳ ಪಾಲಾಯಿತು. ಅದು ಮೂಸಿ, ಒಂದೆರಡು ಸಲ ಅಗಿದು, ಮುಖ ತಿರುಗಿಸುತ್ತಿತ್ತು. ಹಾಲು ಇಳಿಯಿತು. "ಹಿಂಡಿ ಚಾಲೂ ಮಾಡ್ಲೇನು?" ಅಂತ ಅಕ್ಕಾರು ಎರಡು ಸಲ ಕೇಳಿದರು. ಎರಡು ಸಲವೂ ಇನ್ನೊಂದು ಎಂಟು ದಿನ ತಡೀರಿ ಅಂದೆ. ನಡುವೆ ಬಿಟ್ಟರೆ ಪ್ರಯೋಗ ಕೆಡುತ್ತದಲ್ಲ! ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ. ಅವರು ಕದ್ದು ಒಂದು ಹಿಡಿ ಹಾಕಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಹಾಕಲಿಲ್ಲ, ಮಾತು ಕೊಟ್ಟಿದ್ದರು. ಹಾಲು ಬತ್ತಿಯೇಬಿಟ್ಟಿತು. ಆಮೇಲೆ ಎಷ್ಟು ಹಿಂಡಿ ಇಟ್ಟರೂ ತಿರುಗಿ ಬರಲಿಲ್ಲ.

ಕೊನೆಯ ದಿನ ಅವರ ಕಟ್ಟೆಯ ಮೇಲೆ ಫಾರ್ಮು ಹಿಡಿದು ಕೂತಿದ್ದೆ. ಪೆನ್ನು ಓಡಲಿಲ್ಲ.

"ಹಾಲು ಇಳದೈತಿ ಅಂತ ಬರದ್ರ ನಿನ್ನ ನೌಕರಿ ಏನಾಕ್ಕೈತಿ?" ಅಂತ ಕೇಳಿದರು.

"ಹೊಕ್ಕೈತ್ರಿ. ಪ್ರಯೋಗಾನ ಮುಚ್ಚತಾರ."

"ಹಂಗಾದ್ರ ಛಲೋ ಕೊಟ್ಟೈತಿ ಅಂತ ಬರ್ಕೋ. ನಂದಂತೂ ಆಗೋದು ಆಗಿಹೋತು."

ಅವರ ಮುಖ ನೋಡದೆ ಬರೆದೆ.

ಮುಂದಿನ ಮುಂಗಾರಿಗೆ ಅಡರಕಟ್ಟಿ ಊರಿಗೂ ಪುಂಡಿ ಬೀಜ ಬಂತು. ಹಂಚಲು ಹೋದವನು ನಾನೇ. ಮೊದಲ ಮನೆಯಾಕೆ ಬೀಜದ ಚೀಲ ಕೈಗೆ ತೆಗೆದುಕೊಳ್ಳದೆ ನನ್ನನ್ನೇ ನೋಡುತ್ತ ಕೇಳಿದಳು, "ಅಸುಂಡ್ಯಾಗ ಆಕಳ ಛಲೋ ಹಾಲು ಕೊಟ್ಟೈತಂತ, ಖರೇನ್ರಿ?"

"ಖರೇರಿ," ಅಂದೆ.