ಬೂಟಿಲ್ಲದ ಮನೆಯಲ್ಲಿ ಬೂಟಿನ ಸದ್ದು

ಆ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಕೇಳಿದ ಬೂಟಿನ ಸದ್ದು ನನ್ನ ಬಾಯಿಂದ ಬಂದದ್ದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿಸಿಕೊಂಡು, ಮಗು ಬಂದು ಹೋಯಿತು, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ ಎಂದು ಹೇಳಿಕಳಿಸಿದ್ದಳು. ಬಂದದ್ದು ಯಾವ ಮಗುವೂ ಅಲ್ಲ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಒಬ್ಬ ಬುದ್ಧಿಗೇಡಿ ತೆಂಗಿನ ಮಟ್ಟೆಯ ರಾಶಿಯ ಮೇಲೆ ಕೂತು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟ. ಅಷ್ಟೇ.

ಸದ್ದು ಹಿಡಿಯುವುದು ನನಗೆ ಚಿಕ್ಕಂದಿನ ಚಾಳಿ. ತುರುವೇಕೆರೆ ಬಸ್ಸಿನ ಕಂಡಕ್ಟರು ದಬ್ಬೇಘಟ್ಟ ಎಂದು ಕೂಗುವಾಗ ಅರ್ಧ ಊರನ್ನು ಮೂಗಿನೊಳಗೇ ಇಟ್ಟುಕೊಳ್ಳುವುದು, ನಮ್ಮಪ್ಪ ನಿಜವಾದ ಸೀನಿಗೆ ಮುಂಚೆ ಮೂರು ಸಲ ಸುಮ್ಮನೆ ಹೆದರಿಸುವುದು, ಭಾವ ಊಟಕ್ಕೆ ಕೂತಾಗ ಬೇಡ ಬೇಡ ಎನ್ನುತ್ತಲೇ ತಟ್ಟೆಯನ್ನು ಮುಂದಕ್ಕೆ ತಳ್ಳುವುದು, ಎಲ್ಲವೂ ನನಗೆ ಬರುತ್ತಿತ್ತು. ಮೇಷ್ಟ್ರ ಮುಂದೆ ನಿಂತು ಉತ್ತರ ಹೊಳೆಯದೆ ಉಗುಳು ನುಂಗುವ ನನ್ನನ್ನು ನಾನೇ ಮಾಡಿ ತೋರಿಸಿದರೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಓದು ತಲೆಗೆ ಹತ್ತದವನಿಗೆ ಇದಾದರೂ ಹತ್ತಿತಲ್ಲ ಎಂದು ಮನೆಯವರು ಸುಮ್ಮನಿದ್ದರು.

ಅಕ್ಕನ ಚೊಚ್ಚಲ ಮಗನಿಗೆ ಬೂಟು ತಂದವನೂ ನಾನೇ. ತಿಪಟೂರಿನ ಅಂಗಡಿಯೊಂದರಲ್ಲಿ ತೂಗುಬಿಟ್ಟಿದ್ದರು. ಕೆಂಪು ಬಣ್ಣ, ಹಿಮ್ಮಡಿಯೊಳಗೆ ಪೀಪಿ. ಒತ್ತಿದರೆ ಪೀಂ ಎನ್ನುತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒತ್ತಿಕೊಂಡು ಬಂದೆ. ಬಾಣಂತನಕ್ಕೆ ಬಂದ ಅಕ್ಕ ಇನ್ನೂ ನಮ್ಮಲ್ಲೇ ಇದ್ದಳು, ಮಗುವಿಗೆ ಆಗ ಒಂಬತ್ತು ತಿಂಗಳು. ಗೋಡೆ ಹಿಡಿದು ನಿಲ್ಲುತ್ತಿದ್ದ, ನಿಂತದ್ದು ತನಗೇ ಗೊತ್ತಾದ ತಕ್ಷಣ ಕುಕ್ಕರಿಸಿಬಿಡುತ್ತಿದ್ದ.

ನಮ್ಮ ಮನೆಯಲ್ಲಿ ಯಾವುದಕ್ಕೆ ಹೊತ್ತು ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ಹೇಳುವವಳು ಅಜ್ಜಿ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗುವ ತೆಂಗಿನಕಾಯಿಯನ್ನು ಯಾವಾಗ ಇಳಿಸಬೇಕೆಂದು ಅಪ್ಪ ಕೂಡ ಅವಳನ್ನೇ ಕೇಳುತ್ತಿದ್ದರು. ಅವಳು ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು ಲೊಟಲೊಟ ಎಂದರೆ ಸರಿ. ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಬೂಟನ್ನು ನೋಡಿದ ಅಜ್ಜಿ ಮಗುವಿನ ಅಂಗಾಲನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು.

"ಕಾಲು ಇನ್ನೂ ಹಸಿ ಐತೆ ಕಣ್ಲಾ. ನೆಲ ಅಂದ್ರೇನು ಅಂತ ಅದಕ್ಕೆ ಗೊತ್ತಾಗ್ಲಿ, ಆಮೇಲೆ ಹಾಕುವಂತೆ."

ನಾನು ಮಗುವನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಕಣ್ಣು ಮುಚ್ಚಿ, ಅಜ್ಜಿಯದೇ ದನಿ ತೆಗೆದು, ನೀರೆಲ್ಲ ಇಂಗೈತೆ, ಲೊಟಲೊಟ ಅಂತೈತೆ, ಇಳಿಸ್ಬೌದು ಎಂದೆ. ಎಲ್ಲರೂ ನಕ್ಕರು. ಅಕ್ಕ ಗೋಡೆಗೆ ಒರಗಿ ನಕ್ಕಳು. ಎಲ್ಲರಿಗಿಂತ ಹೆಚ್ಚು ನಕ್ಕವನು ಮಗು, ಅಲ್ಲಾಡಿಸಿದ್ದು ಅವನನ್ನೇ ತಾನೇ. ಈಗಲೂ ಆ ನಗುವನ್ನು ನೆನೆದರೆ ಅವನ ತೂಕ ನನ್ನ ಎರಡು ಅಂಗೈಗೂ ಬಂದು ಕೂರುತ್ತದೆ. ಆವತ್ತು ಆ ನಗುವಿನ ನಡುವೆಯೇ ಅವನಿಗೆ ಬೂಟು ಹಾಕಿಬಿಟ್ಟೆ.

ಹನ್ನೊಂದನೇ ತಿಂಗಳಿಗೆ ಅವನು ಆ ಬೂಟಿನಲ್ಲೇ ನಡೆದ. ಕೊಟ್ಟಿಗೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಜಗುಲಿಗೆ. ಜಗುಲಿಯ ಮೆಟ್ಟಿಲ ಹತ್ತಿರ ಬಂದು ನಿಂತುಬಿಡುವನು, ಯಾರಾದರೂ ಎತ್ತುವವರೆಗೆ ಕಾಯುವನು. ಬಾವಿಯ ಪಕ್ಕದ ಕೆಸರಿನಲ್ಲಿ ನಿಂತು ಎಡಗಾಲಿನ ಪೀಪಿಗೆ ನೀರು ಹೋದ ಮೇಲೆ ಸದ್ದು ಬದಲಾಯಿತು. ಬಲಗಾಲು ಪೀಂ, ಎಡಗಾಲು ಪುಸ್. ಅಕ್ಕ ಒಲೆಯ ಮುಂದಿಂದ ಏಳದೆಯೇ ಅವನು ಎಲ್ಲಿದ್ದಾನೆಂದು ಹೇಳುತ್ತಿದ್ದಳು. ಕಣ್ಣಿನ ಕೆಲಸವನ್ನೂ ಕಿವಿಗೇ ವಹಿಸಿಬಿಟ್ಟಿದ್ದಳು.

ಆ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಮೂರು ದಿನ ಮನೆಯಲ್ಲಿ, ಎರಡು ದಿನ ಆಸ್ಪತ್ರೆಯಲ್ಲಿ. ಮನೆಗೆ ಕರೆತಂದಾಗ ಅಮ್ಮ ಅವನ ಮುಖ ಮುಚ್ಚಿದ್ದಳು. ಆ ಬೂಟು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಬೂಟಿಗೂ ಜ್ವರಕ್ಕೂ ಸಂಬಂಧವಿಲ್ಲ. ಎರಡು ಸಲ ಫೇಲಾದವನಿಗೂ ಇಷ್ಟು ಗೊತ್ತು. ಆದರೆ ನನ್ನನ್ನು ಯಾರೂ ಬೈಯಲಿಲ್ಲ. ನಾನು ಆವತ್ತೇ ಹೇಳಿರಲಿಲ್ಲವಾ ಎಂದು ಅಜ್ಜಿ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಅವಳ ದನಿಯಲ್ಲೇ ಅದನ್ನು ನನಗೆ ನಾನೇ ಹೇಳಿಕೊಂಡು ಮುಗಿಸಬಹುದಿತ್ತು. ಹೇಳದ ಮಾತನ್ನು ಅಣಕಿಸುವುದು ಹೇಗೆ? ತೋಟದಲ್ಲಿ ಅಳಿಲು ಕಿಚ್ಚೆಂದರೆ ನನ್ನ ಕತ್ತು ತಿರುಗುತ್ತಿತ್ತು. ತಿರುಗಿದಾಗ ಅಕ್ಕನ ಕತ್ತೂ ತಿರುಗಿರುವುದು ಕಾಣುತ್ತಿತ್ತು. ಇಬ್ಬರೂ ಅಳಿಲನ್ನೇ ನೋಡುತ್ತಿದ್ದೇವೆಂಬಂತೆ ನಟಿಸುತ್ತಿದ್ದೆವು. ಆ ನಟನೆಯಲ್ಲಿ ಅವಳು ನನಗಿಂತ ಗಟ್ಟಿಗಿತ್ತಿ.

ಅಕ್ಕ ಹಂದನಕೆರೆಯ ಕಡೆಯ ಗಂಡನ ಮನೆಗೆ ಹೋದಳು, ಮತ್ತೆ ಬಾಣಂತನಕ್ಕೆ ಬಂದಳು. ಹೆಣ್ಣುಮಗು. ಬಾಣಂತನ ಮುಗಿದು ತಿಂಗಳುಗಳಾದರೂ ಅಕ್ಕ ಹೊರಡಲಿಲ್ಲ. ಇವತ್ತು ಮಗುವಿಗೆ ನೆಗಡಿ, ನಾಳೆ ದಿನ ಚೆನ್ನಾಗಿಲ್ಲ. ಮಗುವಿಗೆ ವರ್ಷ ತುಂಬಿ ಎರಡು ತಿಂಗಳಾಯಿತು. ಒಳಮನೆಯಲ್ಲಿ ಗೋಡೆ ಬಿಟ್ಟು ಸಲೀಸಾಗಿ ನಡೆಯುತ್ತಿದ್ದಳು. ಆದರೆ ಹೊಸಿಲು ದಾಟಿದರೆ ಅಕ್ಕನ ಕಂಕುಳು. ಅಂಗಳಕ್ಕೆ ಕಂಕುಳು, ಕೊಟ್ಟಿಗೆಗೆ ಕಂಕುಳು, ಬಾವಿಗೆ ಹೋದರೂ ಒಂದು ಕಡೆ ಬಿಂದಿಗೆ, ಒಂದು ಕಡೆ ಮಗು. ಬರಿಗಾಲಿನಲ್ಲಿ ಬಿಡುವಂತಿಲ್ಲ, ಅಂಗಳದ ತುಂಬಾ ಒಡೆದ ಚಿಪ್ಪು. ಬೂಟು ಹಾಕುವಂತಿಲ್ಲ, ಆ ಮಾತನ್ನೇ ಮನೆಯಲ್ಲಿ ಎತ್ತುವಂತಿಲ್ಲ. ಮಗುವಿನ ಅಂಗಾಲು ಹುಟ್ಟಿದ ದಿನದಷ್ಟೇ ಬೆಳ್ಳಗಿತ್ತು.

ಭಾವ ಬಂದಾಗಲೆಲ್ಲ ಮೆಲ್ಲಗೆ ವಿಷಯ ತೆಗೆಯುತ್ತಿದ್ದರು. ತಮ್ಮೂರಿನಲ್ಲಿ ರಾಗಿ ಕೊಯ್ದ ಹೊಲದ ಕೂಳೆ ಹೇಗೆ ಚುಚ್ಚುತ್ತದೆ, ಜಾಲಿಮುಳ್ಳು ಮನೆಯ ಬಾಗಿಲವರೆಗೆ ಹೇಗೆ ಬರುತ್ತದೆ ಎಂದೆಲ್ಲ ಹೇಳಿ, ಮಗು ಅಲ್ಲಿ ನಡೆಯಬೇಕಾದರೆ ಕಾಲಿಗೆ ಏನಾದರೂ ಬೇಕಲ್ಲ ಎನ್ನುವಷ್ಟರಲ್ಲಿ ಅಕ್ಕ ಎದ್ದು ಒಳಗೆ ಹೋಗಿರುತ್ತಿದ್ದಳು. ಭಾವ ಅಪ್ಪನನ್ನು ಕೇಳಿದರು. ಅಪ್ಪ ಇದು ಹೆಂಗಸರ ವಿಷಯ ಎಂದರು. ಅಮ್ಮ ಅಜ್ಜಿಯನ್ನು ಕೇಳಿ ಎಂದಳು. ಅಜ್ಜಿ ಮಗುವಿನ ಕಾಲನ್ನು ಒತ್ತಿ ಕೂಡ ನೋಡಲಿಲ್ಲ.

"ಕಾಯಿ ವಿಷ್ಯ ಕೇಳಪ್ಪ, ಹೇಳ್ತೀನಿ. ಕಾಲಿನ ವಿಷ್ಯ ನನ್ನ ಕೇಳ್ಬೇಡ."

ಈ ಪಂಚಾಯಿತಿಯನ್ನು ನಾನು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಒಬ್ಬನೇ ಆಡಿದೆ. ಅಪ್ಪ ಬಂದರು, ಅಮ್ಮ ಬಂದಳು, ಭಾವ ಬಂದರು. ಅಜ್ಜಿಯ ಸರದಿ ಬಂದಾಗ ಅವಳ ದನಿ ಬರಲಿಲ್ಲ. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು.

ಆ ಮಧ್ಯಾಹ್ನದ ಹೊತ್ತಿಗೆ ಅಟ್ಟದ ಕಾಯಿ ಇಳಿಸಿದ್ದೆವು. ಅಂಗಳದಲ್ಲಿ ಇಬ್ಬರು ಕಾಯಿ ಸುಲಿಯುತ್ತಿದ್ದರು, ಮೂವರು ಹೆಂಗಸರು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಊಟವಾದ ಮೇಲೆ ಅವರಿಗೆ ತೂಕಡಿಕೆ ಬರದಿರಲೆಂದು ನನ್ನನ್ನು ಕೂರಿಸಿಕೊಂಡಿದ್ದರು. ಕಂಡಕ್ಟರನ್ನು ಮಾಡಿದೆ. ಅಪ್ಪನ ಸೀನು ಮಾಡಿದೆ. ಅಳಿಲು ಮಾಡು ಎಂದಳು ಒಬ್ಬಳು. ಅಳಿಲು ಮಾಡುತ್ತ ಮಾಡುತ್ತ ನಾಲಿಗೆ ತಾನಾಗಿ ಜಾರಿತು.

ಪೀಂ, ಪುಸ್. ಪೀಂ, ಪುಸ್.

ನಾನು ಮಾಡಬೇಕೆಂದು ಮಾಡಿದ್ದಲ್ಲ. ನಿಲ್ಲಿಸಬೇಕೆಂದರೂ ಆಗಲಿಲ್ಲ. ಕೊಟ್ಟಿಗೆಯಿಂದ ಹೊರಟಿತು, ಬಾವಿಕಟ್ಟೆಯ ಹತ್ತಿರ ಕೆಸರು ನೋಡಿ ತಡವರಿಸಿತು, ಜಗುಲಿಯ ಕಡೆ ತಿರುಗಿತು. ಮೆಟ್ಟಿಲ ಹತ್ತಿರ ನಿಂತಿತು. ಅವನು ಎಷ್ಟು ಹೊತ್ತು ಕಾಯುತ್ತಿದ್ದನೋ ಅಷ್ಟು ಹೊತ್ತು ನನ್ನ ಬಾಯಿಯೂ ಕಾಯಿತು. ಹೆಂಗಸರ ಮಚ್ಚುಗಳು ನಿಂತಿದ್ದವು. ಒಳಗೆ ಪಾತ್ರೆಯೊಂದು ಬಿತ್ತು.

ಅಕ್ಕ ಬಾಗಿಲಿಗೆ ಬಂದಳು. ನನ್ನ ಕಡೆ ನೋಡಲಿಲ್ಲ. ನೆಲದಿಂದ ಒಂದು ಮೊಳ ಮೇಲೆ, ಆ ಎತ್ತರದಲ್ಲಿ ಮಾತ್ರ ಅಂಗಳವನ್ನೆಲ್ಲ ಹುಡುಕಿದಳು. ಅವಳು ಹಾಗೆ ಹುಡುಕುತ್ತಿರುವಾಗಲೇ ಮಗು ಅವಳ ಸೀರೆಯ ಪಕ್ಕದಿಂದ ನುಸುಳಿ, ಹೊಸಿಲು ದಾಟಿ, ಕೂತು ಜಾರಿ ಮೆಟ್ಟಿಲಿಳಿದು, ಅಂಗಳಕ್ಕೆ ಬಂತು. ಸದ್ದು ಬಂದ ದಾರಿಯನ್ನೇ ನೋಡುತ್ತ ಬರಿಗಾಲಿನಲ್ಲಿ ನಡೆಯಿತು. ನಾಲ್ಕು ಹೆಜ್ಜೆಯೋ ಐದೋ. ಆಮೇಲೆ ಚಿಪ್ಪಿನ ಚೂರೊಂದರ ಮೇಲೆ ಕಾಲಿಟ್ಟು ಕೂತುಬಿಟ್ಟಿತು. ಅಳಲಿಲ್ಲ. ತನ್ನ ಕಾಲಿನಿಂದ ಬರುತ್ತಿದ್ದ ರಕ್ತವನ್ನು ನೋಡಿತು, ನಂತರ ಮೆಟ್ಟಿಲ ಹತ್ತಿರದ ಖಾಲಿ ಜಾಗವನ್ನು ನೋಡಿತು.

ಅಜ್ಜಿ ಅರಿಶಿನ ತಂದು ಒತ್ತಿ ಬಟ್ಟೆ ಕಟ್ಟಿದಳು. ಕಟ್ಟಿಯಾದ ಮೇಲೂ ಆ ಪಾದವನ್ನು ಕೈಯಿಂದ ಬಿಡಲಿಲ್ಲ. ಅವಳ ಹೆಬ್ಬೆರಳು ಅಂಗಾಲಿನ ಮೇಲೆ ಇತ್ತು, ಒತ್ತಲಿಲ್ಲ.

ಇನ್ನು ಮೇಲೆ ಯಾರ ದನಿಯನ್ನೂ ತೆಗೆಯುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಎರಡು ದಿನ ನನ್ನ ಸ್ವಂತ ದನಿಯಲ್ಲೇ ಮಾತಾಡಿದೆ. ಬಹಳ ಸಪ್ಪೆ ದನಿ ಅದು, ಯಾರದೋ ಸಾಲ ತಂದಂತಿತ್ತು. ಮೂರನೇ ದಿನ ಬೆಳಿಗ್ಗೆ ಅಕ್ಕ ಬಟ್ಟೆ ಒಗೆಯುತ್ತಿದ್ದಳು. ಮಗು ಸೊಂಟದ ಮೇಲಿತ್ತು. ತಲೆ ಎತ್ತದೆ ಕೇಳಿದಳು.

"ಇನ್ನೊಂದ್ಸಲ ಆ ಸದ್ದು ಮಾಡು ಕಣ್ಲಾ."

ಮಾಡಿದೆ. ಅವಳು ಸೋಪು ಹಿಡಿದ ಕೈಯನ್ನು ಕಲ್ಲಿನ ಮೇಲಿಟ್ಟು ಕಣ್ಣು ಮುಚ್ಚಿದಳು, ಕಾಯಿ ಅಲ್ಲಾಡಿಸುವಾಗ ಅಜ್ಜಿ ಮುಚ್ಚಿಕೊಳ್ಳುವ ಹಾಗೆ.

"ಇದು ಎಡಗಾಲಿಗೆ ನೀರು ಹೋದ್ಮೇಲಿನದ್ದು. ಅದಕ್ಕಿಂತ ಮುಂಚಿಂದು ಬತ್ತದಾ?"

ಅದೂ ಬಂತು. ಗೋಡೆ ಹಿಡಿದು ನಿಂತ ದಿನದ್ದು ಬಂತು, ಓಡಲು ಕಲಿತ ವಾರದ್ದು ಬಂತು. ಒಂದೊಂದು ಬರುವಾಗಲೂ ನನಗೆ ಹೆದರಿಕೆ ಹೆಚ್ಚಾಯಿತು. ಇದನ್ನೆಲ್ಲ ನಾನು ಯಾವಾಗ ಒಳಗೆ ಇಟ್ಟುಕೊಂಡೆ? ಅಟ್ಟ ಮನೆಗೊಂದೇ ಅಂದುಕೊಂಡಿದ್ದೆ. ಮಾರನೇ ದಿನ ಅಕ್ಕ ಮತ್ತೆ ಕೇಳಿದಳು. ಅದರ ಮಾರನೇ ದಿನವೂ. ನಾನು ಸದ್ದು ಮಾಡಿದಾಗಲೆಲ್ಲ ಅವಳ ಸೊಂಟದ ಮೇಲಿನ ಮಗು ಕತ್ತು ಬಗ್ಗಿಸಿ ನೆಲವನ್ನು ಹುಡುಕುತ್ತಿತ್ತು. ನನ್ನ ಬಾಯಿ ಹೀಗೇ ನಡೆಯುತ್ತಿದ್ದರೆ ಅಕ್ಕ ಈ ಅಂಗಳ ಬಿಟ್ಟು ಹೋಗುವುದಿಲ್ಲ, ಇವಳೂ ಸೊಂಟದಿಂದ ಇಳಿಯುವುದಿಲ್ಲ ಎಂದು ನನಗೆ ಗ್ಯಾರಂಟಿಯಾಯಿತು. ಆದರೂ ಕೇಳಿದರೆ ಮಾಡುತ್ತಿದ್ದೆ. ಬೇಡ ಅನ್ನುವ ದನಿ ಮಾತ್ರ ನಾನು ಕಲಿತಿರಲಿಲ್ಲ.

ಭಾನುವಾರ ಭಾವ ಬಂದರು. ಮಗು ಅವರನ್ನು ನೋಡಿ ಅಕ್ಕನ ಹೆಗಲಿನಲ್ಲಿ ಮುಖ ಮುಚ್ಚಿಕೊಂಡಿತು. ಅವರು ಜಗುಲಿಯ ಮೇಲೆ ಕೂತು, ಯಾರನ್ನೂ ದೂರುವಂತಲ್ಲದೆ, ಮಗಳಿಗೆ ನನ್ನ ಗುರುತೇ ಹತ್ತುತ್ತಿಲ್ಲ ಎಂದರು. ಆ ಹೊತ್ತಿನಲ್ಲಿ, ಅವರ ಎದುರೇ, ಅಕ್ಕ ನನಗೆ ಆ ಸದ್ದು ಮಾಡು ಎಂದಳು. ಭಾವನ ಮುಖ ನೋಡಿದೆ. ಅವರು ಆ ಸದ್ದನ್ನು ಎರಡು ವರ್ಷದಿಂದ ಕೇಳಿರಲಿಲ್ಲ. ಕೊಟ್ಟಿಗೆಯಿಂದ ಮೆಟ್ಟಿಲವರೆಗೆ ನಡೆಸಿಕೊಂಡು ಬಂದು ನಿಲ್ಲಿಸಿದೆ. ಭಾವ ಎರಡೂ ಕೈ ಮುಂದೆ ಚಾಚಿದ್ದರು, ಎತ್ತಿಕೊಳ್ಳುವವರ ಹಾಗೆ. ಚಾಚಿದ ಮೇಲೆ ಆ ಕೈಗಳನ್ನು ಏನು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ.

ಮಗು ಕೊಸರಾಡಿತು. ಕೆಳಗೆ ಇಳಿಸು ಎಂದು ಕಾಲು ಒದೆಯಿತು. ಅಕ್ಕ ಬಟ್ಟೆ ಕಟ್ಟಿದ ಆ ಪಾದವನ್ನು ನೋಡಿದಳು, ಭಾವನ ಕೈಗಳನ್ನು ನೋಡಿದಳು. ನಂತರ ಬಗ್ಗಿ ಮಗುವನ್ನು ಜಗುಲಿಯ ಕಲ್ಲಿನ ಮೇಲೆ ನಿಲ್ಲಿಸಿದಳು. ನನ್ನ ಕಡೆ ತಿರುಗಿ, ನಾಳೆ ತಿಪಟೂರಿಗೆ ಹೋಗ್ತೀಯಾ ಎಂದಳು.

ಬಾಯಿ ಮುಚ್ಚಿಕೊಂಡು ಹ್ಞೂಂ ಅನ್ನಬೇಕಿತ್ತು. ನಾನು ಸದ್ದು ಮಾಡುವ ಬೂಟು ತರಲೋ ಸುಮ್ಮನಿರುವುದನ್ನು ತರಲೋ ಎಂದು ಕೇಳಿದೆ. ಅಷ್ಟಕ್ಕೇ ಬಿಡದೆ, ಸದ್ದಿಲ್ಲದಿದ್ದರೆ ಇವಳು ಎಲ್ಲಿದ್ದಾಳೆಂದು ಒಲೆಯ ಮುಂದೆ ಕೂತ ನಿನಗೆ ಹೇಗೆ ಗೊತ್ತಾಗುತ್ತದೆ ಎಂದೂ ಸೇರಿಸಿದೆ. ಅಕ್ಕ ಮಗುವಿನ ಬೆನ್ನಿಂದ ಕೈ ತೆಗೆದು ನೆಟ್ಟಗೆ ನಿಂತಳು.

"ಈ ಸಲ ಕಣ್ಣಲ್ಲಿ ನೋಡ್ಕಂತೀನಿ ಕಣ್ಲಾ. ಒಬ್ಬ ನಿನ್ನ ಬಾಯಾಗೆ ನಡೀತಾವ್ನೆ, ಈ ಮನೇಗೆ ಅಷ್ಟು ಸದ್ದು ಸಾಕು. ಇವ್ಳು ನೆಲದ ಮ್ಯಾಲೆ ನಡೀಲಿ, ಹೋಗಿ ತಗಂಬಾ."